ಎಲ್ಲ ಆಗ್ತದೆ ಎನ್ನುವ ಪೂವಪ್ಪ

ಗಲ್ಫಿನ ರುಸೈಲ್‌ನ ಕಾರ್ಖಾನೆಯಲ್ಲಿ ಬಲಗೈ ಜಜ್ಜಿಸಿಕೊಂಡ ಪೂವಪ್ಪನನ್ನು ಪರೀಕ್ಷಿಸುವ ಮಂಗಳವಾರ ಬಂತೆಂದರೆ ಆಸ್ಪತ್ರೆಯಲ್ಲಿ ಗಾಯದ ಕೈಗೆ ಮತ್ತೆ ದಿನದ ಕೆಲಸ ಕಲಿಸುವ ಆಕ್ಯುಪೇಶನಲ್ ಥೆರಪಿಸ್ಟ್ ಬೀಟ್ರಿಸ್‌ಗೆ ಬೆಳಿಗ್ಗೆಯೇ ತಲೆಬಿಸಿ. ಏನು ಕೇಳಿದರೂ "ಆಗ್ತದೆ ಸಿಸ್ಟರ್" ಎನ್ನುವ ಆಸಾಮಿ ಅವನು. ಬಾಚಣಿಗೆ ಹಿಡಿಯಲು? ಆಗ್ತದೆ. ಚೊಂಬು ಎತ್ತಲು? ಆಗ್ತದೆ. ಹಿಡಿತ ಅಳೆಯುವ ಯಂತ್ರದ ಮುಳ್ಳು ಸೊನ್ನೆ ಬಿಟ್ಟು ಕದಲದಿದ್ದರೆ, ಯಂತ್ರ ಹಾಳಾಗಿರಬೇಕೆಂದು ಅವಳಿಗೇ ಸಮಾಧಾನ ಹೇಳುತ್ತಾನೆ. ಮರದ ಕಡ್ಡಿಗಳನ್ನು ತೂತಿಗೆ ಹಾಕಲು ಹೇಳಿದರೆ, ಅವಳು ಗಡಿಯಾರ ನೋಡುವಷ್ಟರಲ್ಲಿ ಎಡಗೈ ಕೆಲಸ ಮುಗಿಸಿರುತ್ತದೆ. "ನಾನು ಸಿಸ್ಟರ್ ಅಲ್ಲ ಮಾರಾಯ್ರೆ. ನೀವು ನಿಜ ಹೇಳದಿದ್ರೆ ನಾನು ಬರೆಯುದಾದ್ರೂ ಎಂತ?" ಎಂದು ಗದರಿದರೆ, "ಆಗ್ತದೆ ಅಂತ ಬರೀರಿ. ಇಲ್ಲಾಂದ್ರೆ ವೀಸಾ ಕೊಟ್ಟ ಕಫೀಲ್ ಕೆಲಸ ಖಲಾಸ್ ಅಂತ ಹೇಳಿ ಊರಿಗೆ ಕಳಿಸ್ತಾನೆ" ಎನ್ನುತ್ತಾನೆ. ಮೊನ್ನೆ ಅವಳು ರೇಗಿ, "ಅಂಗಿಯ ಗುಂಡಿ ಬಿಚ್ಚಿ ತೋರಿಸಿ" ಎಂದಳು. ಪೂವಪ್ಪ ಎಡಗೈಯನ್ನು ಎದೆಗೆ ಅಡ್ಡ ಹಿಡಿದ. ಅವಳು ಅದನ್ನು ಸರಿಸಿ ಬಗ್ಗಿ ನೋಡಿದರೆ, ಗುಂಡಿ ಮುಟ್ಟದೆ ತಲೆಯ ಮೇಲಿಂದ ತೊಡಲು ಬರುವಂತೆ ಗುಂಡಿಪಟ್ಟಿಯನ್ನು ಎದೆಯಿಂದ ಕೆಳಗೆ ಹೊಲಿದು ಮುಚ್ಚಿಯಾಗಿತ್ತು. ಹೊಲಿಗೆ ದಾರಿ ತಪ್ಪಿದ ಇರುವೆಸಾಲಿನಂತೆ ಹೋಗಿತ್ತು. "ಯಾರು ಹೊಲಿದದ್ದು?" "ನಾನೇ. ಬಟ್ಟೆ ಹಲ್ಲಲ್ಲಿ ಕಚ್ಚಿ, ಎಡಗೈಯಲ್ಲಿ. ರಜೆಯ ನಾಲ್ಕು ಶುಕ್ರವಾರ ಹಿಡೀತು." ಬೀಟ್ರಿಸ್‌ಳ ಹಾಳೆಯಲ್ಲಿ ಗುಂಡಿ ಹಾಕುವುದಕ್ಕೆ ಕಾಲಂ ಇತ್ತು, ಹೊಲಿಯುವುದಕ್ಕೆ ಇರಲಿಲ್ಲ. ಅವಳು ಸ್ಕೇಲಿಟ್ಟು ಗೆರೆ ಎಳೆದು ಹೊಸದೊಂದು ಕಾಲಂ ಮಾಡಿದಳು.