ದ್ಯಾವಪ್ಪ ಬಾಯಲ್ಲೇ ಇಟ್ಟುಕೊಂಡ ಹೆಸರು

ಮಾಲು ನೋಡಿದೊಡನೆ ದರ ಹೇಳುವುದು ನನ್ನ ಕಸುಬು. ಕಕ್ಕೇರಾದ ದ್ಯಾವಪ್ಪನನ್ನು ಮೊದಲ ಸಲ ನೋಡಿದಾಗ ಮಾತ್ರ ದರ ಕಟ್ಟುವುದರಲ್ಲಿ ತಪ್ಪಿದೆ. ಆರಡಿ ಮೇಲೆ ನಾಲ್ಕು ಬೆರಳು ಎತ್ತರ, ಹೋರಿಯ ಕತ್ತು, ಹರಿಗೋಲಿಗೆ ಹುಟ್ಟು ಹಾಕಿ ಹಾಕಿ ಹಲಗೆಯಂತಾದ ಎದೆ. ಇಂಥವನ ಜೊತೆ ಜಗ್ಗಾಟ ಬೇಡವೆಂದು ಅವನು ಕೇಳುವ ಮೊದಲೇ ಬೆಲೆ ಇಳಿಸಿಬಿಟ್ಟೆ. ಆಮೇಲೆ ಅವನು ಬಾಯಿ ತೆರೆದ. ಹೊಸ ಸೊಸೆ ಮಾವನ ಮುಂದೆ ಮಾತಾಡುವಂಥ ದನಿ! ಇಳಿಸಿದ ಬೆಲೆಗಾಗಿ ಆ ದಿನವೆಲ್ಲ ಹೊಟ್ಟೆ ಉರಿಯಿತು.

ಸುರಪುರದ ಬಜಾರಿನಲ್ಲಿ ನನ್ನದು ಕಿರಾಣಿ ಅಂಗಡಿ. ಬಯಲಾಟದವರು ಮುಖಕ್ಕೆ ಹಚ್ಚುವ ಹಳದಿ ಅರದಾಳ, ಕೆಂಪು ಇಂಗಳೀಕ ನನ್ನಲ್ಲೇ ಸಿಗುತ್ತಿದ್ದವು. ದ್ಯಾವಪ್ಪ ಯುಗಾದಿಯ ಆಟದ ರಾಕ್ಷಸ. ಕೋರೆಹಲ್ಲು ಕಟ್ಟಿಕೊಂಡು, ಕುಂತ ಜನರ ಹಿಂದಿನಿಂದ ಅಬ್ಬರಿಸುತ್ತ ಬಂದನೆಂದರೆ ಮೀಸೆ ಇದ್ದವರೂ ಧೋತರ ಎತ್ತಿಕೊಂಡು ದಾರಿ ಬಿಡುತ್ತಿದ್ದರು. ಅವನ ಅಣ್ಣ ಮಾನಪ್ಪ ನನ್ನ ಅಂಗಡಿಯಲ್ಲಿ ನಿಂತು ಅವನನ್ನು ಕಾಡಿಸುತ್ತಿದ್ದ: "ಊರ ನುಂಗಾಂವರಿ ನನ್ನ ತಮ್ಮ. ಮನ್ಯಾಗ ಕೋಳಿ ಕುಟುಕಾಕ ಬಂದ್ರ ಅಟ್ಟಾ ಏರ್ತಾನ!"

ಆಟ ಮುಗಿದ ಮೇಲೆ ಕಕ್ಕೇರಾದಲ್ಲಿ ಒಂದು ಪದ್ಧತಿ ಇತ್ತು. ಹೆದರಿದ ಕೂಸುಗಳನ್ನು ತಾಯಂದಿರು ಬಾವಿಗೆ ಕರೆತರುತ್ತಿದ್ದರು. ರಾಕ್ಷಸ ಅವುಗಳ ಎದುರು ಮುಖ ತೊಳೆದು ದ್ಯಾವಪ್ಪನಾಗಬೇಕು. ಆಗಲೇ ಕೂಸುಗಳ ಅಂಜಿಕೆ ಬಿಡುವುದು.

ನಲವತ್ತೆಂಟರ ಮಳೆಗಾಲ. ನಿಜಾಮನ ರಾಜ್ಯ ಹಿಂದುಸ್ತಾನಕ್ಕೆ ಸೇರಲಿ ಎಂದು ಹೊರಟ ಹುಡುಗರು ಅವನ ಕಡೆಯ ರಜಾಕಾರರ ಕಣ್ಣು ತಪ್ಪಿಸಿ ಕೃಷ್ಣೆಯ ನಡುಗಡ್ಡೆಯಲ್ಲಿ ಅಡಗಿದ್ದರು. ಮಾನಪ್ಪ ಹರಿಗೋಲಿನಲ್ಲಿ ಅವರಿಗೆ ಬುತ್ತಿ ಮುಟ್ಟಿಸುತ್ತಿದ್ದ. ಅವಲಕ್ಕಿ, ಬೆಲ್ಲ ಒಯ್ಯುತ್ತಿದ್ದುದು ನನ್ನ ಅಂಗಡಿಯಿಂದ. ಯಾರಿಗೆಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಅಷ್ಟಕ್ಕೇ ನಿಂತಿದ್ದರೆ ನಾನು ಶಾಣ್ಯಾ ಅನ್ನಿಸಿಕೊಳ್ಳುತ್ತಿದ್ದೆ.

ವ್ಯಾಪಾರಿಗಳಿಗೆ ಒಂದು ರೋಗವಿದೆ. ಇಬ್ಬರು ಸೇರಿದರೆ ಯಾರಿಗೆ ಎಷ್ಟು ಮಾರಿದೆವೆಂದು ಕೊಚ್ಚಿಕೊಳ್ಳದೆ ಚಹಾ ಇಳಿಯುವುದಿಲ್ಲ. ಕಕ್ಕೇರಾದ ಕಾಳಿನ ವ್ಯಾಪಾರಿ ಹಣಮಂತ್ರಾಯ ಒಂದು ದಿನ ತನ್ನ ಜೋಳದ ಬಡಾಯಿ ಕೊಚ್ಚುತ್ತಿದ್ದ. ನನಗೆ ತಡೆಯಲಿಲ್ಲ.

"ಮೂರ ಬಾಯಿ ಇರೋ ಮಾನಪ್ಪನ ಮನಿಗಿ ಒಂದ ವಾರದಾಗ ಎರಡ ಚೀಲ ಅವಲಕ್ಕಿ ಮಾರೀನಿ. ನೀ ಮಾರೀಯೇನು?"

ಅವನು ನಕ್ಕ. ಮೂರನೆಯ ದಿನ ರಜಾಕಾರರು ಹೊಳೆದಂಡೆಯಲ್ಲಿ ಕಾದು ನಿಂತಿದ್ದರು. ಹರಿಗೋಲು ಸುಟ್ಟರು. ಮಾನಪ್ಪನ ಹೆಣ ಎರಡು ಹರದಾರಿ ಕೆಳಗೆ ಸಿಕ್ಕಿತು. ಅದೇ ವಾರ, ಅವರು ಜಪ್ತಿ ಮಾಡಿದ್ದ ಹಣಮಂತ್ರಾಯನ ಜೋಳದ ಚೀಲಗಳು ಒಂದೂ ಕಡಿಮೆಯಾಗದೆ ಅವನ ಮನೆಗೆ ವಾಪಸು ಬಂದವು.

ಸೆಪ್ಟೆಂಬರದಲ್ಲಿ ಹಿಂದುಸ್ತಾನದ ಫೌಜು ಬಂತು. ದೀಪಾವಳಿಯ ಹೊತ್ತಿಗೆ ಹಣಮಂತ್ರಾಯನ ತಲೆಯ ಮೇಲೆ ಬಿಳಿ ಟೋಪಿ. ಊರಿನ ಯಾವ ಸಭೆಯಾದರೂ ಮುಂದಿನ ಸಾಲು ಅವನದೇ.

ಮರುವರ್ಷ ಯುಗಾದಿಗೆ ಎಂಟು ದಿನ ಮುಂಚೆ ದ್ಯಾವಪ್ಪ ಬಣ್ಣಕ್ಕೆ ಬಂದ.

"ಅಣ್ಣ ಎಷ್ಟ ಅವಲಕ್ಕಿ ಒಯ್ದಾ ಅನ್ನೋದು ಯಾರಿಗಿ ಹೇಳಿದ್ರಿ, ಸಾವ್ಕಾರ್ರ?"

"ನಾ ಯಾಕ ಹೇಳ್ಲೋ?"

"ಅಂವ ನನಗ ಸೈತ ಹೇಳಿರ್ಲಿಲ್ರಿ. ಮಾಲ ಕೊಟ್ಟವ್ರು ನೀವು."

ಅದೇ ಸೊಸೆಯ ದನಿ. ಆದರೆ ಕಣ್ಣು ತಕ್ಕಡಿಯ ಮುಳ್ಳಿನಂತೆ ನನ್ನ ಮೇಲೆ ನಿಂತಿತ್ತು. ಹಣಮಂತ್ರಾಯನ ಹೆಸರು ಹೇಳಿದೆ. ಅಷ್ಟು ಬೇಗ ನಾನು ಯಾವ ಗಿರಾಕಿಗೂ ಮಾಲು ಕಟ್ಟಿಕೊಟ್ಟವನಲ್ಲ. "ಆಡಿದಾಂವ ನಾನು, ಖರೆ. ಅದನ್ನ ರಜಾಕಾರರಿಗಿ ಮುಟ್ಟಿಸಿದಾಂವ ಅಂವ," ಎಂದೆ.

"ಹಂಗಾದ್ರ ಇಬ್ರಾದ್ರಿ," ಎಂದ. "ಬಣ್ಣ ಈ ಸಲ ಜಾಸ್ತಿ ಕೊಡ್ರಿ."

ಆಟಕ್ಕೆ ಹೋಗಬಾರದೆಂದುಕೊಂಡೆ. ಹೋಗದಿದ್ದರೆ ಜನ ಅದನ್ನೇ ಆಡಿಕೊಳ್ಳುತ್ತಾರೆಂದು ಹೋದೆ. ಹಣಮಂತ್ರಾಯ ಕೈಹಿಡಿದು ಮುಂದಿನ ಸಾಲಿಗೆ ಎಳೆದ: "ಬಾರೋ ಲಿಂಗಣ್ಣ, ಇಲ್ಲೇ ಕುಂದ್ರು."

ಮೂಡಣ ಕೆಂಪಾಗುವಾಗ ರಾಕ್ಷಸ ಬಂದ. ಆ ವರ್ಷ ಅಬ್ಬರವಿಲ್ಲ. ನಡೆದು ಬಂದ. ಆಟ ನಡೆಸುವ ಸಾರಥಿ ಸುಲ್ತಾನಸಾಬ, ಪ್ರತಿ ವೇಷಕ್ಕೂ ಕೇಳುವಂತೆ ಕೇಳಿದ: "ಭಲಾ! ಬಂದಂಥ ತಾವು ಯಾರು? ತಮ್ಮ ಸ್ಥಳ ಯಾವುದು? ಬಂದ ಕಾರಣವೇನು?" ವೇಷ ಈ ಮೂರಕ್ಕೂ ಉತ್ತರ ಕೊಟ್ಟು ಮುಗಿಸುವವರೆಗೆ ಮದ್ದಳೆ ನುಡಿಯುವಂತಿಲ್ಲ, ರಾಜನ ವೇಷದವನೂ ನಡುವೆ ಬಾಯಿ ಹಾಕುವಂತಿಲ್ಲ.

"ನಾ ದ್ಯಾವಪ್ಪ. ಮಾನಪ್ಪನ ತಮ್ಮ. ಹೊಳಿದಂಡಿ ನಮ್ಮ ಸ್ಥಳ."

ಸುಲ್ತಾನಸಾಬನ ಕೈ ತಾಳದ ಮೇಲೆ ನಿಂತಿತು. ಬಾರಿಸಿ ಅಲ್ಲಿಗೇ ಮುಚ್ಚಬಹುದಿತ್ತು. ಅವನು ಮುಚ್ಚಲಿಲ್ಲ. "ಬಂದ ಕಾರಣ ಹೇಳಲಿಲ್ಲ?"

"ಅಣ್ಣನ್ನ ಹಿಡಿದು ಕೊಟ್ಟಾಂವ ಮುಂದಿನ ಸಾಲಿನ್ಯಾಗ ಬಿಳಿ ಟೊಪಿಗಿ ಹಾಕ್ಕೊಂಡು ಕುಂತಾನ. ಹಣಮಂತ್ರಾಯ ಅಂತ. ಅವನ ಮನಿ ಮುಂದ ಕುಂದ್ರಾಕ ಬಂದೀನಿ."

ಹಣಮಂತ್ರಾಯ ಎದ್ದು ನಿಂತ. "ಲೇ, ಆಟಾ ಆಡಲೇ!"

"ಕುಂದ್ರೋ, ಅವಂದು ಇನ್ನಾ ಮುಗದಿಲ್ಲ," ಹೆಂಗಸರ ಸಾಲಿನಿಂದ ಒಂದು ಮುದಿ ದನಿ ಬಂತು.

ನಿಜ, ಮುಗಿದಿರಲಿಲ್ಲ. ಇಂಗಳೀಕದ ಕಣ್ಣು ನನ್ನ ಕಡೆ ತಿರುಗಿತು. ನಾನು ಮಾರಿದ ಇಂಗಳೀಕವೇ. ಬಾಯಿ ತೆರೆದ. ನನ್ನ ಅಂಗಿ ಬೆನ್ನಿಗೆ ಅಂಟಿತು. ಬಾಯಿ ಮುಚ್ಚಿದ. ಮದ್ದಳೆಯವನಿಗೆ ಕೈಸನ್ನೆ ಮಾಡಿದ. ಆಮೇಲೆ ಆಟದ ಕಟ್ಟಳೆಯಂತೆ ಕುಣಿದು, ಹೋರಾಡಿ, ಸತ್ತ.

ಆ ಬೆಳಿಗ್ಗೆ ಅವನು ಮುಖ ತೊಳೆಯಲಿಲ್ಲ. ಬಾವಿಯ ಹತ್ತಿರ ಕೂಸುಗಳು ಕಾದವು. ಅವನು ಕೋರೆಹಲ್ಲು ಸಮೇತ ಹೋಗಿ ಹಣಮಂತ್ರಾಯನ ಕಟ್ಟೆಯ ಮೇಲೆ ಕುಳಿತ. ಬೈಯಲಿಲ್ಲ, ಏನೂ ಕೇಳಲಿಲ್ಲ. ಮೂರನೆಯ ದಿನ ಹೊತ್ತಿಗೆ ಕೂಸುಗಳೇ ರೊಟ್ಟಿ ತಂದುಕೊಡತೊಡಗಿದವು. ಆದರೆ ದೊಡ್ಡವರಲ್ಲಿ ಒಬ್ಬರೂ ಅವನನ್ನು ದಾಟಿ ಕಾಳು ಕೊಳ್ಳಲು ಹೋಗಲಿಲ್ಲ. ಹತ್ತನೆಯ ದಿನ ಹಣಮಂತ್ರಾಯ ಬಂಡಿ ಹೇರಿ ಶಹಾಪುರಕ್ಕೆ ಹೊರಟ. ರಾಕ್ಷಸ ಎದ್ದು ಬಂಡಿಗೆ ದಾರಿ ಬಿಟ್ಟ.

ಅಲ್ಲಿಂದ ಸೀದಾ ಸುರಪುರಕ್ಕೆ ನಡೆದು ನನ್ನ ಅಂಗಡಿಯ ಮುಂದೆ ನಿಂತ. ಬಣ್ಣ ಬಿರುಕು ಬಿಟ್ಟಿತ್ತು, ಅದರ ಕೆಳಗೆ ಚರ್ಮ ಹುಣ್ಣಾಗಿತ್ತು.

"ಕೊಬ್ರಿ ಎಣ್ಣಿ ಕೊಡ್ರಿ, ಸಾವ್ಕಾರ್ರ."

ಇಡೀ ಬಜಾರು ನೋಡುತ್ತಿರುವಾಗ ನಾನೇ ಎಣ್ಣೆ ಹಚ್ಚಿ ಬಣ್ಣ ತೆಗೆದೆ. ಮೆಲ್ಲಗೆ ಕೇಳಿದೆ: "ನನ್ನ ಹೆಸರ ಯಾಕ ಬಿಟ್ಟಿ?"

"ಬಿಟ್ಟಿಲ್ರಿ," ಎಂದ, ಕಣ್ಣು ಮುಚ್ಚಿಕೊಂಡೇ. "ಸುಲ್ತಾನಸಾಬ ವರ್ಷಾ ವರ್ಷಾ ಕೇಳ್ತಾನಲ್ಲ."

ಹತ್ತೊಂಬತ್ತು ಯುಗಾದಿ ನಾನು ಆ ಮುಂದಿನ ಸಾಲಿನಲ್ಲಿ ಕುಳಿತೆ. ದ್ಯಾವಪ್ಪ ಪ್ರತಿ ವರ್ಷ ನನ್ನಿಂದಲೇ ಬಣ್ಣ ಒಯ್ದ. ಪುಕ್ಕಟೆ ಕೊಟ್ಟರೆ ಮುಟ್ಟಲಿಲ್ಲ. ಪ್ರತಿ ವರ್ಷ ಸಾರಥಿ ಕಾರಣ ಕೇಳಿದಾಗ ನನ್ನ ಕಡೆ ತಿರುಗಿ ಬಾಯಿ ತೆರೆದ, ನಾನು ಬೆವೆತ ಮೇಲೆ ಮುಚ್ಚಿದ. ಉಳಿದವರು ಅದನ್ನು ರಾಕ್ಷಸನ ಗತ್ತು ಎಂದು ಹೊಗಳುತ್ತಿದ್ದರು. ಇಪ್ಪತ್ತನೆಯ ಯುಗಾದಿಗೆ ಮುಂಚೆ ಜ್ವರ ಬಂದು ತೀರಿಕೊಂಡ. ಮಣ್ಣಿಗೆ ಹೋದಾಗ ತೊಳೆದ ಮುಖ ನೋಡಿದೆ. ಬಾಯಿ ಮುಚ್ಚಿತ್ತು.

ಮಾನಪ್ಪ ಎರಡು ಚೀಲ ಅವಲಕ್ಕಿ ಒಯ್ದನೆಂದು ಹಣಮಂತ್ರಾಯನಿಗೆ ಹೇಳಿದವನು ಸುರಪುರದ ಕಿರಾಣಿ ಲಿಂಗಣ್ಣ, ಅಂದರೆ ನಾನು. ದ್ಯಾವಪ್ಪನಿಗೆ ನಾನು ಕೊಡಬೇಕಾದದ್ದು ಅವನ ಅಣ್ಣನನ್ನು. ಅದು ನನ್ನಿಂದ ಆಗದು.