ಗುಡಿಸಿದ ಅಂಗಳದಲ್ಲಿ ಎರಡು ಜಾಡು

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ, ಮೇಳಿಗೆಯ ಹತ್ತಿರ, ಬೆಳಗಿನ ಮಂಜು ಇನ್ನೂ ರಸ್ತೆ ಬಿಟ್ಟು ಎದ್ದಿಲ್ಲ. ಹೆಂಚಿನ ಶೆಡ್ಡೊಂದರ ಮುಂದೆ ಹೆಂಗಸೊಬ್ಬರು ಅಂಗಳ ಗುಡಿಸುತ್ತಿದ್ದಾರೆ. ಕೈಯಲ್ಲಿರುವುದು ಮೆತ್ತನೆಯ ಹುಲ್ಲಿನ ಪೊರಕೆ. ಕಡ್ಡಿ ಪೊರಕೆಯಾದರೆ ಇರುವೆಯ ಕಾಲು ಮುರಿಯುತ್ತದಂತೆ. ನಮ್ಮ ಕಾರು ಅಂಗಳಕ್ಕೆ ತಿರುಗಿದ ಕೂಡಲೇ ಅವರು ಕೈಯೆತ್ತಿ ಕೂಗುತ್ತಾರೆ: “ಅಲ್ಲೇ ನಿಲ್ಸಿ! ಇರುವೆ ಸಾಲು ಹೋಗ್ತಾ ಇದೆ, ದಾಟ್ಲಿ.”

ಇರುವೆಗಳು ದಾಟಲೆಂದು ಕಾರು ನಿಲ್ಲುತ್ತದೆ. ನಾನು ಬಾಯಿ ತೆರೆದುಕೊಂಡು ಕೂತಿದ್ದೇನೆ. ಎತ್ತಿನ ಗಾಡಿಗೆ, ಮದುವೆ ದಿಬ್ಬಣಕ್ಕೆ, ಕೊನೆಗೆ ಅಮಲ್ದಾರರಿಗೂ ದಾರಿ ಬಿಡದ ನಮ್ಮ ಡ್ರೈವರ್ ಹರಿಹರ, ಇರುವೆಗೆ ದಾರಿ ಬಿಟ್ಟು ತೆಪ್ಪಗೆ ಕಾಯುತ್ತಿದ್ದಾನೆ! ಆ ದಿನ ನನಗೆ ಕಾದಿದ್ದ ಬೆರಗುಗಳಲ್ಲಿ ಇದೇ ಸಣ್ಣದು.

ನಿಜ ಹೇಳಬೇಕೆಂದರೆ ನಾನು ಬಂದದ್ದು ಈ ಹೆಂಗಸನ್ನು, ಚಂದ್ರಮತಮ್ಮನವರನ್ನು, ನೋಡಲಿಕ್ಕಲ್ಲ. ಇವರ ಗಂಡ ಪುಷ್ಪದಂತಯ್ಯನವರು ಸಾಗರ, ಹೊಸನಗರ, ತೀರ್ಥಹಳ್ಳಿಯ ಡ್ರೈವರುಗಳ ಬಾಯಲ್ಲಿ ದೊಡ್ಡ ಹೆಸರು. ಸ್ಪ್ರಿಂಗ್ ಮುರಿದರೆ, ಸ್ಪ್ರಿಂಗ್ ಬದಲಿಸಿದ ಮೇಲೆ ಗಾಲಿ ಓರೆಯಾಗಿ ಗಾಡಿ ಒಂದು ಕಡೆಗೆ ಎಳೆದರೆ, ಎಲ್ಲರೂ ಓಡಿಬರುವುದು ಈ ಶೆಡ್ಡಿಗೆ. ಅವರ ಬಗ್ಗೆ ಬರೆಯೋಣವೆಂದು ಹರಿಹರನ ಬಾಡಿಗೆ ಕಾರಿನಲ್ಲಿ ಹತ್ತಿ ಕೂತವನು ನಾನು. ಹಿಂದಿನ ಸೀಟಿನಲ್ಲಿ ಉಡುಪಿಗೆ ಹೊರಟಿರುವ ಭಾಗೀರಥಮ್ಮ ಮತ್ತು ಅವರ ಮಗಳು ವಾಗ್ದೇವಿ.

ಎರಡನೇ ಮಹಾಯುದ್ಧಕ್ಕೂ ಮುಂಚಿನ ಕಾರು ಅದು. ಅದರ ಹಿಂದಿನ ಬಲಗಡೆಯ ಸ್ಪ್ರಿಂಗನ್ನು ಪುಷ್ಪದಂತಯ್ಯನವರು ನಿನ್ನೆ ಸಂಜೆಯಷ್ಟೇ ಬದಲಿಸಿದ್ದಾರೆ. ಆದರೆ ಬೆಳಿಗ್ಗೆಯಿಂದ ಸ್ಟೇರಿಂಗು ಎಡಕ್ಕೆ ಜಗ್ಗುತ್ತಿದೆ. “ಒಂದು ಗಳಿಗೆ ನೋಡ್ಕೊಡಿ ಅಯ್ಯನೋರೇ, ಘಟ್ಟ ಇಳೀಬೇಕು” ಅನ್ನುತ್ತಾನೆ ಹರಿಹರ.

ಪುಷ್ಪದಂತಯ್ಯನವರು ಕೆಲಸಕ್ಕಿಳಿಯುತ್ತಾರೆ. ಮೊದಲು ನಾಲ್ಕೂ ಟೈರಿನ ಗಾಳಿ. ಆಮೇಲೆ ಮುಂದಿನ ಗಾಲಿಗಳನ್ನು ಬಿಚ್ಚಿ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಟೈರಿನ ತಪ್ಪಾದರೆ ಎಳೆತ ಈಗ ಬಲಕ್ಕೆ ತಿರುಗಬೇಕು. ರಸ್ತೆಯಲ್ಲಿ ಓಡಿಸಿ ನೋಡಿದರೆ ಕಾರು ಮತ್ತೆ ಎಡಕ್ಕೇ. ಮೂರನೆಯದು ಅವರ ಹೆಸರುವಾಸಿ ಅಡಿಕೆ ದಬ್ಬೆ. ಒಣಗಿ ಕಬ್ಬಿಣದಂತಾದ ಅಡಿಕೆ ಮರದ ಸೀಳು, ಎರಡು ಕೊನೆಗೂ ಮೊಳೆ. ಮುಂದಿನ ಗಾಲಿಗಳ ನಡುವಿನ ಅಂತರವನ್ನು ಮುಂಬದಿಯಲ್ಲಿ ಹಿಡಿದು, ಹಿಂಬದಿಯಲ್ಲಿ ಹಿಡಿದು ಹೋಲಿಸುತ್ತಾರೆ. ಮುಂದೆ ಕೂದಲೆಳೆಯಷ್ಟು ಕಿರಿದು, ಹಾಗೆಯೇ ಇರಬೇಕಾದದ್ದು.

“ಮುಂದೆ ಎಲ್ಲಾ ಸರಿ ಇದೆ. ಹೊಸ ಸ್ಪ್ರಿಂಗು ಮಾರಾಯ್ರೆ, ಓಡ್ತಾ ಓಡ್ತಾ ಕೂತ್ಕೊಳ್ತದೆ” ಅನ್ನುತ್ತಾರೆ ಅವರು. ಹಿಂದಿನ ಸೀಟಿನಿಂದ ಭಾಗೀರಥಮ್ಮ, “ಎಂತ ಹರಿಹರಾ, ಎಂಗೊ ಹೋಪದು ಯಾವಾಗ?” ಎಂದು ಹವ್ಯಕರ ಮಾತಿನಲ್ಲಿ ಸಿಡುಕುತ್ತಾರೆ; ಅವರಿಗೆ ಹೊರಡುವ ಅವಸರ. ಹರಿಹರ ಗೇರ್ ಹಾಕುತ್ತಾನೆ.

ಆಗ ನಾನು ಎರಡನೇ ಸಲ ಬೆಚ್ಚುತ್ತೇನೆ. ಚಂದ್ರಮತಮ್ಮ ಬಂದು ಕಾರಿಗೆ ಅಡ್ಡ ನಿಂತಿದ್ದಾರೆ. ಕೈಯಲ್ಲಿ ಪೊರಕೆ ಹಾಗೇ ಇದೆ.

“ಎರಡು ಜಾಡು ಇದೆ” ಅನ್ನುತ್ತಾರೆ.

ಗಂಡನ ಕೆಲಸ ಸರಿಯಿಲ್ಲವೆಂದು ಬಾಡಿಗೆ ಡ್ರೈವರಿನ ಎದುರು, ಪರ ಊರಿನವರ ಎದುರು, ಹೆಂಡತಿ ಹೇಳುತ್ತಿದ್ದಾಳೆ. ಇಂಥದ್ದನ್ನು ನಾನು ಕಂಡವನೂ ಅಲ್ಲ, ಕೇಳಿದವನೂ ಅಲ್ಲ. ಬಸ್ ಸ್ಟ್ಯಾಂಡಿನ ಸುದ್ದಿಗೆ ಕಾಲಿಲ್ಲದಿದ್ದರೂ ಗಾಲಿ ಇದೆ. ‘ಪುಷ್ಪದಂತಯ್ಯ ಹಾಕಿದ ಸ್ಪ್ರಿಂಗು ಓರೆ’ ಎಂದು ಹರಿಹರ ಒಂದು ಮಾತು ಆಡಿದರೆ ಸಂಜೆಯೊಳಗೆ ಅದು ಸಾಗರ ಮುಟ್ಟುತ್ತದೆ. ನಾಳೆಯಿಂದ ಈ ಅಂಗಳಕ್ಕೆ ಯಾರು ಬರುತ್ತಾರೆ? ಅದು ಆ ಹೆಂಗಸಿಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ಕಾರಿನ ಮುಂದಿನಿಂದ ಸರಿಯುವುದಿಲ್ಲ.

ಈ ಜಾಡಿನ ಕಥೆಯನ್ನು ಅವರು ನನಗೆ ಹೇಳಿದ್ದು ಆಮೇಲೆ, ಬೆಲ್ಲದ ಕಾಫಿ ಕೊಡುತ್ತಾ. ಇವರ ಮನೆತನ ಜೈನರದು, ತಲೆತಲಾಂತರದಿಂದ ಜವಳಿ ವ್ಯಾಪಾರ. ಯುದ್ಧದ ಕಾಲದಲ್ಲಿ ಪುಷ್ಪದಂತಯ್ಯನವರು ಲಾರಿ ರಿಪೇರಿ ಕಲಿತು ಬಂದು ಶೆಡ್ಡು ಹಾಕಿದಾಗ ನೆಂಟರೆಲ್ಲ ಮೂಗು ಮುರಿದರು. ಕಾರಿನ ಅಡಿಗೆ ಮಲಗುವವರ ಬೆನ್ನ ಕೆಳಗೆ ಇರುವೆ, ಹುಳ ಸಿಕ್ಕಿ ಸಾಯಬಾರದೆಂದು ಈಕೆ ದಿನವೂ ಗುಡಿಸಲು ನಿಂತರು. ಅದಕ್ಕೂ ಮಾತು. “ಬಸದಿಗೆ ಹೋಗೋ ಸೊಸೆ ಬಸ್ಸಿನ ಅಂಗಳ ಗುಡಿಸ್ತಾಳೆ ಅಂತ ನಗಾಡಿದ್ರು. ನಗ್ಲಿ, ಹಲ್ಲು ಅವರದ್ದೇ ಅಲ್ವಾ?” ಎಂದು ತಾವೂ ನಗುತ್ತಾರೆ.

ಒಂದು ಬೆಳಿಗ್ಗೆ ಆಗತಾನೆ ಗುಡಿಸಿದ ಅಂಗಳಕ್ಕೆ ಲಾರಿಯೊಂದು ನುಗ್ಗಿತು. ಚಂದ್ರಮತಮ್ಮನಿಗೆ ಸಿಟ್ಟು ನೆತ್ತಿಗೇರಿತು. “ಬೇರೆ ಗಾಡಿ ಬಂದ್ರೆ ಒಂದೊಂದು ಗೀಟು ಬೀಳ್ತದೆ, ನಿಮ್ಮದು ಎರಡೆರಡು ಗೀಟು ಎಳ್ದು ಅಂಗಳ ಹಾಳು ಮಾಡಿತಲ್ಲ ಅಂತ ಡ್ರೈವರಿಗೆ ಬೈದೆ. ಇವರು ಒಳಗಿಂದ ಓಡಿಬಂದು ನೆಲ ನೋಡಿದ್ರು. ನನ್ನ ಮುಖ ನೋಡಿದ್ರು. ನಾನು ಬೈಗುಳ ಜಾಸ್ತಿ ಆಯ್ತೇನೋ ಅಂದ್ಕೊಂಡೆ.” ಆ ಲಾರಿಯ ಹಿಂದಿನ ಅಚ್ಚು ಸರಿದಿತ್ತು. ನೇರ ಹೋಗುವಾಗ ಹಿಂದಿನ ಗಾಲಿ ಮುಂದಿನದರ ಜಾಡಿನ ಮೇಲೆಯೇ ಬರಬೇಕು. ಅಚ್ಚು ಓರೆಯಾದರೆ ಗಾಡಿ ನಾಯಿ ಓಡಿದ ಹಾಗೆ ಮೈ ಓರೆ ಮಾಡಿಕೊಂಡು ಓಡುತ್ತದೆ, ಜಾಡು ಎರಡಾಗುತ್ತದೆ. ಅಂದಿನಿಂದ ಈ ಶೆಡ್ಡಿನಲ್ಲಿ ಗುಡಿಸಿದ ನೆಲದ ಮೇಲೆ ಓಡಿಸಿ, ಆಕೆ ನೋಡಿ ತಲೆಯಾಡಿಸದೆ ಒಂದು ಗಾಡಿಯೂ ಹೊರಗೆ ಹೋಗುವುದಿಲ್ಲ. ಡ್ರೈವರುಗಳು ಹೊಗಳುವುದು ಮಾತ್ರ ಅಡಿಕೆ ದಬ್ಬೆಯನ್ನು!

ಹಾಗಾದರೆ ನಿನ್ನೆ ಯಾಕೆ ಬಿಟ್ಟರು? ಅದು ಗೊತ್ತಾಗುವುದಕ್ಕೆ ಅಂಗಳಕ್ಕೇ ಮರಳಬೇಕು.

“ಅಂಗಳಕ್ಕೆ ತಿರುಗಿ ಬಂದದ್ದಲ್ವಾ ಅಮ್ಮಾ? ತಿರುವಿನಲ್ಲಿ ಎಲ್ಲಾ ಗಾಡಿಯೂ ಎರಡು ಜಾಡು ಬಿಡ್ತದೆ” ಎಂದು ಹರಿಹರ ಗೊಣಗುತ್ತಾನೆ.

“ನೇರ ಬಂದಲ್ಲೂ ಇದೆ. ಬೇಕಾದ್ರೆ ತಳ್ಳಿ ನೋಡಿ.”

ಆಕೆ ಮತ್ತೆ ಗುಡಿಸುತ್ತಾರೆ. ನಾನೂ ಹರಿಹರನೂ ಕಾರನ್ನು ನೇರವಾಗಿ ತಳ್ಳುತ್ತೇವೆ. ನುಣ್ಣನೆಯ ಕೆಮ್ಮಣ್ಣಿನ ಮೇಲೆ ಮುಂದಿನ ಗಾಲಿಯ ಗೀಟು; ಅದರ ಪಕ್ಕದಲ್ಲಿ, ಎರಡು ಬೆರಳು ಆಚೆ, ಹಿಂದಿನ ಗಾಲಿಯದು. ನನ್ನಂಥ ದಡ್ಡನಿಗೂ ಕಾಣುತ್ತದೆ. ಪುಷ್ಪದಂತಯ್ಯನವರು ಕುಕ್ಕರುಗಾಲಿನಲ್ಲಿ ಕೂತು ಬಹಳ ಹೊತ್ತು ನೋಡುತ್ತಾರೆ. ಆಮೇಲೆ ಕಾರಿನ ಅಡಿಗೆ ಹೋಗುತ್ತಾರೆ. ಹೊರಗೆ ಬಂದು ಹರಿಹರನ ಎದುರು ನಿಲ್ಲುತ್ತಾರೆ.

“ಸ್ಪ್ರಿಂಗು ತಿರುಗಾಮುರುಗಾ ಕೂತಿದೆ” ಅನ್ನುತ್ತಾರೆ. ಆ ಸ್ಪ್ರಿಂಗಿನ ಎರಡು ಭಾಗ ಒಂದೇ ಉದ್ದವಲ್ಲ. ನಡುವಿನ ಬೋಲ್ಟಿನಿಂದ ಗಿಡ್ಡ ಭಾಗ ಮುಂದಕ್ಕೆ ಬರಬೇಕು. ಇಲ್ಲಿ ಉದ್ದದ್ದು ಮುಂದಕ್ಕೆ ಬಂದು ಅಚ್ಚಿನ ಬಲತುದಿಯನ್ನು ಹಿಂದಕ್ಕೆ ನೂಕಿದೆ. “ಘಟ್ಟದ ತಿರುವಿನಲ್ಲಿ ಬ್ರೇಕು ಒತ್ತಿದ್ರೆ ಹಿಂಭಾಗ ಬೀಸಿ ಹೋಗ್ತಿತ್ತು ಹರಿಹರ. ಹಾಕಿದ್ದು ನಾನೇ. ಬೇರೆ ಯಾರ ಕೈಯೂ ಅಲ್ಲ.”

ಆಗುಂಬೆಯ ತಿರುವುಗಳನ್ನು ಬಲ್ಲವರಿಗೆ ಬಿಡಿಸಿ ಹೇಳಬೇಕಿಲ್ಲ. ಒಂದು ಬದಿ ಬಂಡೆ, ಇನ್ನೊಂದು ಬದಿ ಏನೂ ಇಲ್ಲ. ತೀರ್ಥಹಳ್ಳಿಯಿಂದ ಇಲ್ಲಿಯವರೆಗೆ ಇದೇ ಕಾರಿನಲ್ಲಿ ನಾನು ಗೊರಕೆ ಹೊಡೆಯುತ್ತಾ ಬಂದಿದ್ದೇನೆ! ಭಾಗೀರಥಮ್ಮ ಮಗಳ ಕೈ ಹಿಡಿದು ಕೆಳಗಿಳಿಯುತ್ತಾರೆ. ಸಿಡುಕೆಲ್ಲ ಎಲ್ಲಿ ಹೋಯಿತೋ, ಶೆಡ್ಡಿನ ಕಟ್ಟೆಯ ಮೇಲೆ ಕೂತುಬಿಡುತ್ತಾರೆ.

ಆಗ ಚಂದ್ರಮತಮ್ಮ ನಿಧಾನವಾಗಿ ಹೇಳುತ್ತಾರೆ: “ತಪ್ಪು ಇವರೊಬ್ಬರದ್ದೇ ಅಲ್ಲ. ಹೊತ್ತು ಮುಳುಗಿದ ಮೇಲೆ ನಾವು ಉಣ್ಣೋದಿಲ್ಲ. ನಿನ್ನೆ ಮಧ್ಯಾಹ್ನವೂ ಇವರು ಉಂಡಿರ್ಲಿಲ್ಲ. ಹೊತ್ತು ಹೋಯ್ತು, ಬನ್ನಿ ಬನ್ನಿ ಅಂತ ಕೂಗಿ ಕೂಗಿ ಅವಸರ ಹಚ್ಚಿದ್ದು ನಾನು. ಆಮೇಲೆ ಕತ್ತಲಾಯ್ತು. ಇರುವೆ ಕಾಣೋದಿಲ್ಲ ಅಂತ ಗುಡಿಸ್ಲಿಲ್ಲ. ಜಾಡೂ ನೋಡ್ಲಿಲ್ಲ.”

ಸ್ಪ್ರಿಂಗು ಮತ್ತೆ ಕೆಳಗಿಳಿಯುತ್ತದೆ. ಕಾರಿನ ಹಿಂಭಾಗಕ್ಕೆ ಮರದ ದಿಮ್ಮಿ ಕೊಟ್ಟು, ಬೋಲ್ಟು ಬಿಚ್ಚಿ, ಪಟ್ಟಿಗಳನ್ನು ತಿರುಗಿಸಿ ಕೂರಿಸುವಷ್ಟರಲ್ಲಿ ಬಿಸಿಲು ನೆತ್ತಿಗೆ ಬರುತ್ತದೆ. ಊಟಕ್ಕೆ ಆಕೆ ಕರೆಯುವುದಿಲ್ಲ, ಅವರು ಏಳುವುದೂ ಇಲ್ಲ. ಕೊನೆಯ ನಟ್ಟು ಬಿಗಿಯಾದ ಮೇಲೆ ಚಂದ್ರಮತಮ್ಮ ಗೋಡೆಗೆ ಒರಗಿಸಿದ್ದ ಪೊರಕೆಗೆ ಕೈ ಚಾಚುತ್ತಾರೆ. ಅಷ್ಟರಲ್ಲಿ ಪುಷ್ಪದಂತಯ್ಯನವರು ಅದನ್ನು ಎತ್ತಿಕೊಂಡಿದ್ದಾರೆ.

ಮೂರನೇ ಬೆರಗು ಇದು, ಎಲ್ಲಕ್ಕಿಂತ ದೊಡ್ಡದು. ಪಂಚೆ ಎತ್ತಿ ಕಟ್ಟಿ, ಗ್ರೀಸು ಮೆತ್ತಿದ ಕೈಯಲ್ಲಿ, ಡ್ರೈವರಿನ ಎದುರು, ಊರ ರಸ್ತೆಗೆ ಮುಖ ಮಾಡಿ ಆ ಮನುಷ್ಯ ಅಂಗಳ ಗುಡಿಸುತ್ತಿದ್ದಾರೆ. ಹರಿಹರನ ಬೀಡಿ ತುಟಿಯಿಂದ ಜಾರಿ ಬೀಳುತ್ತದೆ. “ಅಯ್ಯೋ, ಕೊಡಿ ಇಲ್ಲಿ, ನೋಡಿದವರು ಏನಂದಾರು!” ಎಂದು ಚಂದ್ರಮತಮ್ಮ ಗಾಬರಿಯಾಗುತ್ತಾರೆ. ಅವರು ಕೊಡುವುದಿಲ್ಲ.

ಕಾರನ್ನು ತಳ್ಳುತ್ತೇವೆ. ಆಕೆ ಬಗ್ಗಿ ನೋಡುತ್ತಾರೆ. ಉದ್ದಕ್ಕೂ ಒಂದೇ ಜಾಡು. ತಲೆಯಾಡಿಸುತ್ತಾರೆ.

“ಪತ್ರಿಕೆಗೆ ಬರೆಯೋದಿದ್ರೆ ನನ್ನ ತಪ್ಪನ್ನೂ ಬರೀರಿ. ಹಿಡಿದವರು ಯಾರು ಅಂತಲೂ ಬರೀರಿ” ಎಂದು ಪುಷ್ಪದಂತಯ್ಯನವರು ನನಗೆ ಹೇಳುತ್ತಾರೆ. ಹರಿಹರ ಕಾರು ಹತ್ತುವ ಮುಂಚೆ ಆಕೆಗೆ ಕೈಮುಗಿದು, “ಈ ಸುದ್ದಿ ಸ್ಟ್ಯಾಂಡಿನಲ್ಲಿ ನಾನೇ ಹೇಳ್ತೀನಿ ಅಮ್ಮಾ. ಅಲ್ಲಿಗೇ ಹೋಗಿ, ಓರೆ ಇರೋ ಗಾಡೀನ ಅಮ್ಮ ಹೊರಗೆ ಬಿಡೋದಿಲ್ಲ ಅಂತ” ಅನ್ನುತ್ತಾನೆ.

ಕಾರು ಘಟ್ಟದ ಕಡೆಗೆ ಹೊರಟ ಮೇಲೆ ನಾನು ಹಿಂದೆ ಉಳಿಯುತ್ತೇನೆ. ಮೂರು ಜೀವ ಉಳಿಸಿದಿರಲ್ಲ ತಾಯೀ ಎಂದು ಬಾಯಿ ತಪ್ಪಿ ದೊಡ್ಡ ಮಾತು ಆಡಿಬಿಡುತ್ತೇನೆ. ಅವರಿಗೆ ನಾಚಿಕೆ. ಜಾಡಿನ ಪಕ್ಕದಲ್ಲಿ ಮತ್ತೆ ಸಾಲು ಕಟ್ಟಿರುವ ಇರುವೆಗಳನ್ನು ನೋಡುತ್ತಾ ಹೇಳುತ್ತಾರೆ:

“ನಾನು ಗುಡಿಸೋದು ಇವಕ್ಕೆ ಅಂತ. ಅದರಲ್ಲಿ ಮನುಷ್ಯರೂ ಉಳ್ಕೊಂಡ್ರೆ ಬೇಡ ಅಂತೀನಾ?”