ಯುಗಾದಿಯ ಚೀಟಿಯಲ್ಲಿ ಕ್ಲೀವ್‌ಲ್ಯಾಂಡ್ ರಾಜ

ನನ್ನ ಪಾಲಿನ ಬೇವು ಬೆಲ್ಲದಲ್ಲಿ ಏಳು ಮೆಂತ್ಯದ ಕಾಳುಗಳಿದ್ದವು. ಬೇವಿನ ಹೂ ಸಿಗದ ವರ್ಷ ಆಂಟಿ ಮೆಂತ್ಯ ಹುರಿದು ಹಾಕುತ್ತಿದ್ದರು. ಡೆಟ್ರಾಯಿಟ್ ಪಕ್ಕದ ವಾರೆನ್‌ನ ಆ ಮನೆಯಲ್ಲಿ ಅದು ನನ್ನ ಆರನೆಯ ಯುಗಾದಿ. ಆನ್ ಆರ್ಬರ್‌ನಲ್ಲಿ ಓದುವಾಗ ಭಾನುವಾರದ ಊಟ ಹಾಕಿದವರು ಅಂಕಲ್ ಮತ್ತು ಆಂಟಿ. ಕೆಲಸ ಸಿಕ್ಕಿ ಷಿಕಾಗೋ ಪಕ್ಕದ ಶಾಮ್‌ಬರ್ಗ್ ಸೇರಿದ ಮೇಲೂ ಹಬ್ಬಕ್ಕೆಂದು ಮುನ್ನೂರು ಮೈಲಿ ಡ್ರೈವ್ ಮಾಡಿಕೊಂಡು ಬರುತ್ತಿದ್ದೆ.

ಊಟಕ್ಕೆ ಮೊದಲು ಅಂಕಲ್ ಪಂಚಾಂಗ ಓದುತ್ತಾರೆ. ಈ ವರ್ಷ ಯಾವ ಗ್ರಹ ರಾಜ, ಯಾವುದು ಮಂತ್ರಿ, ಮಳೆ ಎಷ್ಟು, ಬೆಳೆ ಎಷ್ಟು. ಧಾರವಾಡದ ಗಟ್ಟಿ ದನಿ. ಬಂದ ಏಳೆಂಟು ಮನೆಯವರೂ ಮಾತು ನಿಲ್ಲಿಸಿ ಕೇಳುತ್ತಾರೆ. ಅವರು ಕೆಮ್ಮಿ ನಿಲ್ಲಿಸಿದಾಗಲೆಲ್ಲ ಮುಂದಿನ ಸಾಲು ನನ್ನ ನಾಲಿಗೆಯ ತುದಿಗೆ ಬಂದಿರುತ್ತಿತ್ತು. ಹೆಣ್ಣುಮಕ್ಕಳು ಓದಬಾರದೆಂದು ಅಲ್ಲಿ ಯಾರೂ ಹೇಳಿರಲಿಲ್ಲ. ಓದು ಎಂದೂ ಯಾರೂ ಹೇಳಿರಲಿಲ್ಲ. ಒಮ್ಮೆಯಾದರೂ ಓದಬೇಕೆಂಬ ಆಸೆಯನ್ನು ನಾನೂ ಬಾಯಿಬಿಟ್ಟು ಹೇಳಿರಲಿಲ್ಲ.

ಪಂಚಾಂಗದ ನಂತರ ಆ ಮನೆಯದೇ ಒಂದು ಆಚರಣೆಯುಂಟು. ಬೇಸ್‌ಬಾಲ್ ಸೀಸನ್ ಶುರುವಾಗುವುದೂ ಹೆಚ್ಚುಕಡಿಮೆ ಆಗಲೇ. ಡೆಟ್ರಾಯಿಟ್ ತಂಡವೂ ಷಿಕಾಗೋದ ಒಂದು ತಂಡವೂ ಇರುವ ಡಿವಿಷನ್‌ನಲ್ಲಿ ಒಟ್ಟು ಐದು ತಂಡಗಳು. ಸೀಸನ್ ಮುಗಿದಾಗ ಯಾವುದು ಎಷ್ಟನೆಯದು ಎಂದು ಎಲ್ಲರೂ ಚೀಟಿಯಲ್ಲಿ ಬರೆಯಬೇಕು, ಅದೂ ಪಂಚಾಂಗದ ಹುದ್ದೆಗಳಲ್ಲಿ. ಮೊದಲನೆಯದು ರಾಜ, ಎರಡನೆಯದು ಮಂತ್ರಿ, ಹಾಗೇ ಇಳಿಯುತ್ತ ಕೊನೆಯದು ನೀರಸಾಧಿಪತಿ. ಯಾರ ಚೀಟಿಯೂ ಎಂದೂ ಪೂರ್ತಿ ಸರಿಯಾದದ್ದಿಲ್ಲ. ಹಬ್ಬದ ದಿನ ಕೆಟ್ಟದ್ದು ನುಡಿಯಬಾರದೆಂದು ಪ್ರತಿಯೊಬ್ಬರೂ ಡೆಟ್ರಾಯಿಟನ್ನೇ ರಾಜನನ್ನಾಗಿ ಮಾಡುತ್ತಿದ್ದರು. ಐದು ವರ್ಷ ನಾನೂ ಹಾಗೇ ಮಾಡಿದ್ದೆ.

ಆ ಸಲ ನನಗೆ ಕಂಡದ್ದನ್ನು ಬರೆದೆ. ಕೂದಲೆಳೆಯ ಅಂತರದ ಪಂದ್ಯಗಳನ್ನು ಕೊನೆಯಲ್ಲಿ ಬಂದು ಉಳಿಸಿಕೊಡುವ ಎಸೆತಗಾರರು ಅದೇ ಡಿವಿಷನ್‌ನ ಕ್ಲೀವ್‌ಲ್ಯಾಂಡಿಗಿದ್ದರು. ಅಂಕಲ್ ಚೀಟಿ ಬಿಡಿಸಿದರು.

"ರಾಜ ಕ್ಲೀವ್‌ಲ್ಯಾಂಡ್, ಮಂತ್ರಿ ಡೆಟ್ರಾಯಿಟ್." ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಏನವ್ವಾ, ವರ್ಷದ ಮೊದಲನೇ ದಿನಾನ ಹಿಂಗ್ ಬರೀತಾರೇನು?"

"ನಮ್ಮ ಷಿಕಾಗೋನ ಕೊನೇಲಿ ಹಾಕಿದೀನಲ್ಲ ಅಂಕಲ್."

"ಅದನ್ನ ಹೇಳಾಕ ಪಂಚಾಂಗ ಬೇಕೇನು?"

ಎಲ್ಲರೂ ನಕ್ಕರು. ಮೈಸೂರಿನವರಾದ ಆಂಟಿ ಹೊಸ ಚೀಟಿ ತಂದರು. "ತಿದ್ದಿ ಬರಿಯೇ, ಹಬ್ಬ ಅಲ್ವಾ."

"ಬೇಡ ಆಂಟಿ. ಇದೇ ಇರ್ಲಿ."

"ಆತು ಬಿಡು," ಎಂದರು ಅಂಕಲ್. "ಐದಕ್ಕ ಐದೂ ಖರೇ ಆದ್ರ ಮುಂದಿನ ಯುಗಾದಿಗೆ ಪಂಚಾಂಗ ನೀನ ಓದು. ಒಂದ್ ತಪ್ಪಿದ್ರೂ ಡೆಟ್ರಾಯಿಟ್ ಟೋಪಿ ಹಾಕ್ಕೊಂಡು ನಿಮ್ಮ ಆಫೀಸಿಗೆ ಹೋಗ್ಬೇಕು."

ಅವರಿಗದು ತಮಾಷೆ. ನಾನು "ಆಯ್ತು" ಎಂದದ್ದು ತಮಾಷೆಗಲ್ಲ.

ಬೇಸಿಗೆಯಿಡೀ ಡೆಟ್ರಾಯಿಟ್ ಗೆದ್ದಿತು. ಕ್ಲೀವ್‌ಲ್ಯಾಂಡ್ ಎಷ್ಟು ಹಿಂದೆ ಬಿತ್ತೆಂದರೆ ನಾನು ಪಟ್ಟಿ ನೋಡುವುದನ್ನೇ ಕೆಲವು ದಿನ ಬಿಟ್ಟಿದ್ದೆ. ಅಂಕಲ್ ಟೋಪಿಯನ್ನು ಮುಂಚಿತವಾಗಿಯೇ ಪೋಸ್ಟ್ ಮಾಡಿದರು. "ಸೈಜ್ ಸರಿ ಐತೇನ್ ನೋಡವ್ವಾ," ಎಂದು ಫೋನ್ ಬಂತು. ಇನ್ನೂ ಸೆಪ್ಟೆಂಬರ್ ಇದೆ ಎಂದೆ. ಹಟಕ್ಕೆ ಅಂದ ಮಾತು ಅದು. ನಂಬಿಕೆ ಅರ್ಧಕ್ಕಿಂತ ಕಡಿಮೆಯಿತ್ತು.

ಸೆಪ್ಟೆಂಬರ್‌ನಲ್ಲಿ ಡೆಟ್ರಾಯಿಟ್ ಸೋಲತೊಡಗಿತು, ಕ್ಲೀವ್‌ಲ್ಯಾಂಡ್ ಸೋಲುವುದನ್ನೇ ಮರೆತಂತಿತ್ತು. ಸೀಸನ್ನಿನ ಕೊನೆಯ ಭಾನುವಾರ ನಾನು ಆಂಟಿಯ ನವರಾತ್ರಿ ಗೊಂಬೆ ನೋಡಲು ವಾರೆನ್‌ಗೆ ಹೋಗಿದ್ದೆ. ಕೆಳಗಿನ ಮೂರು ಸ್ಥಾನಗಳು ನಾನು ಬರೆದಂತೆಯೇ ಆಗಿದ್ದವು. ಮೇಲಿನೆರಡು ತಂಡಗಳು ಬೆಳಿಗ್ಗೆ ಸರಿಸಮವಾಗಿದ್ದವು. ಮಧ್ಯಾಹ್ನ ಡೆಟ್ರಾಯಿಟ್ ಬಾಸ್ಟನ್‌ನಲ್ಲಿ ಸೋತಿತು. ಕ್ಲೀವ್‌ಲ್ಯಾಂಡ್ ಗೆದ್ದಿತು. ಆಗ ನಾನು ಎದ್ದು ನಿಂತಿದ್ದೆ. ಯಾವಾಗ ಎದ್ದೆನೋ ನೆನಪಿಲ್ಲ.

ಅಂಕಲ್ ಟಿವಿ ಆರಿಸಿ, ದೇವರ ಮನೆಯಿಂದ ಚೀಟಿ ತಂದು, ಪಂಚಾಂಗದ ದನಿಯಲ್ಲೇ ಓದಿದರು. "ರಾಜ ಕ್ಲೀವ್‌ಲ್ಯಾಂಡ್. ಮಂತ್ರಿ ಡೆಟ್ರಾಯಿಟ್. ಸೇನಾಧಿಪತಿ ಕ್ಯಾನ್ಸಸ್ ಸಿಟಿ. ಸಸ್ಯಾಧಿಪತಿ ಮಿನೆಸೋಟ. ನೀರಸಾಧಿಪತಿ ಷಿಕಾಗೋ." ಮಡಚಿದರು. "ನಾವ್ ಎಲ್ಲಾರೂ ಛಲೋ ಆಗ್ಲಿ ಅಂತ ಬರದ್ವಿ. ನೀ ಒಬ್ಬಾಕಿ ಆಗೂದನ್ನ ಬರದಿ."

"ಮಾತು ಉಳಿಸ್ಕೋತೀರೋ, ಇಲ್ಲ ಹಬ್ಬದ ದಿನ ಗಂಟಲು ಸರಿಯಾಗಿದೆ, ನಾನೇ ಓದ್ತೀನಿ ಅಂತೀರೋ?" ಎಂದು ಆಂಟಿ ಕೆಣಕಿದರು.

"ಮಾತಂದ್ರ ಮಾತು. ಆದ್ರ ಧಾರವಾಡದಾಂವ ಪಕ್ಕದಾಗ ಕೂತಿರ್ತೇನಿ, ತಡವರಿಸಿದ್ರ ಬಿಡಾಂವಲ್ಲ."

"ತಡವರಿಸಲ್ಲ ಅಂಕಲ್," ಎಂದೆ. ನನ್ನ ದನಿ ನಾನಂದುಕೊಂಡದ್ದಕ್ಕಿಂತ ಜೋರಾಗಿಯೇ ಬಂತು.

ರಾತ್ರಿಯೇ ಡ್ರೈವ್ ಮಾಡಿಕೊಂಡು ವಾಪಸಾದೆ. ಮರುದಿನ ಬೆಳಿಗ್ಗೆ ಇಪ್ಪತ್ತು ನಿಮಿಷ ಮುಂಚೆಯೇ ಶಾಮ್‌ಬರ್ಗ್‌ನ ಆಫೀಸು ತಲುಪಿ, ಪಾರ್ಕಿಂಗ್‌ನ ತುದಿಯಲ್ಲಿ ಕಾರು ನಿಲ್ಲಿಸಿ, ಕಿಟಕಿಗಳನ್ನು ಏರಿಸಿದೆ. ಫೋನಿನಲ್ಲಿ ಆ ವರ್ಷದ ಪಂಚಾಂಗ ತೆರೆದು ಮೊದಲ ಪುಟವನ್ನು ಗಟ್ಟಿಯಾಗಿ ಓದಿದೆ. ಎರಡು ಕಡೆ ತಡವರಿಸಿದೆ. ಮತ್ತೆ ಮೊದಲಿಂದ ಓದಿದೆ.